ನೀರು ನಡೆಯುವ ನಕ್ಷೆ

ಕಳೆದ ತಿಂಗಳ ಒಂದು ಸಂಜೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗನೊಬ್ಬ ನನ್ನನ್ನು ಕಾಣಲು ಬಂದನು. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ವ್ಯಾಸಂಗ ಮುಗಿಸಿ, ಮನೆಗಳ ನಕ್ಷೆ ತಯಾರಿಸುವ ಒಂದು ಕಚೇರಿಯನ್ನು ಸೇರಿ ಅವನಿಗೆ ಆಗಿನ್ನೂ ಮೂರು ತಿಂಗಳು. ಕುಳಿತುಕೊಳ್ಳೆಂದರೆ ಕುರ್ಚಿಯ ಅಂಚಿನಲ್ಲಿ ಕುಳಿತನು. ಕಾಫಿ ಕೊಟ್ಟರೆ ಆರುವತನಕ ಕೈಯಲ್ಲಿ ಹಿಡಿದುಕೊಂಡೇ ಇದ್ದನು. ಕೊನೆಗೆ ಬಾಯಿ ಬಿಟ್ಟನು:

“ಸಾರ್, ಮನೆಗಳ ಪ್ಲಂಬಿಂಗ್ ನಕ್ಷೆಗೆ ಒಳ್ಳೆಯ ಮಾದರಿಗಳು ಎಲ್ಲಿ ಸಿಗುತ್ತವೆ? ನೋಡಿಕೊಂಡು ಕೈ ತಿದ್ದಿಕೊಳ್ಳಬೇಕು.”

ಈ ಕಸುಬಿನವರಲ್ಲದ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ಒಂದು ಮನೆಗೆ ಒಂದೇ ನಕ್ಷೆ ಎಂದು ಅನೇಕರು ತಿಳಿದಿರುತ್ತಾರೆ. ಹಾಗಲ್ಲ. ಕೋಣೆ, ಬಾಗಿಲು, ಕಿಟಕಿಗಳನ್ನು ತೋರಿಸುವುದು ಒಂದು. ಕಂಬ, ತೊಲೆ, ಅವುಗಳೊಳಗಿನ ಕಬ್ಬಿಣವನ್ನು ತೋರಿಸುವುದು ಇನ್ನೊಂದು. ವಿದ್ಯುತ್ತಿನ ತಂತಿಗಳದು ಮತ್ತೊಂದು. ಇವೆಲ್ಲದರ ಅಡಿಯಲ್ಲಿ, ಕಟ್ಟಿನ ಕೊನೆಯ ಹಾಳೆಯಾಗಿ, ನೀರಿನ ನಕ್ಷೆ. ಬೀದಿಯಿಂದ ಬಂದ ನೀರು ನೆಲದಡಿಯ ಸಂಪಿಗೆ ಇಳಿದು, ಅಲ್ಲಿಂದ ತಾರಸಿಯ ಟ್ಯಾಂಕಿಗೆ ಏರಿ, ಅಡಿಗೆಮನೆ ಬಚ್ಚಲುಮನೆಗಳ ನಲ್ಲಿಗಳಿಗೆ ಇಳಿದು, ತನ್ನ ಕೆಲಸ ಮುಗಿಸಿ ಕೊಳೆಯಾಗಿ ಮತ್ತೆ ಬೀದಿಯ ಒಳಚರಂಡಿಯನ್ನು ಸೇರುವವರೆಗಿನ ಯಾತ್ರೆಯನ್ನೆಲ್ಲ ಆ ಹಾಳೆ ಹೇಳಬೇಕು. ಹೇಳುವುದು ಕೆಲವೇ ಗೆರೆಗಳಲ್ಲಿ, ಬಾಣದ ಗುರುತುಗಳಲ್ಲಿ, ಅಂಕಿಗಳಲ್ಲಿ.

ಹುಡುಗನ ಪ್ರಶ್ನೆಗೆ ಕೂಡಲೇ ಉತ್ತರ ಹೇಳಲಾರದೆ ಹೋದೆ. ಉತ್ತರ ಗೊತ್ತಿಲ್ಲವೆಂದಲ್ಲ. ನಲವತ್ತು ವರ್ಷಗಳಿಗೂ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಕೇಳಿದ್ದೆ. ಉತ್ತರವೂ ಸುಲಭವಾಗಿ ಸಿಕ್ಕಿತ್ತು. ಹಾಗೆ ಸುಲಭವಾಗಿ ಸಿಕ್ಕಿದ್ದರಿಂದಲೇ ಒಂದು ಮನೆ ಕೆಟ್ಟಿತ್ತು. ಅದೆಲ್ಲ ನೆನಪಿಗೆ ಬಂತು. “ಭಾನುವಾರ ಬಾರಪ್ಪ, ಹುಡುಕಿ ಇಟ್ಟಿರುತ್ತೇನೆ” ಎಂದು ಹೇಳಿ ಕಳಿಸಿದೆ.

ಅವನು ಹೋದ ಮೇಲೆ ಹಳೆಯ ಬೀರುವನ್ನು ತೆರೆದು ಕುಳಿತೆ. ಸುರುಳಿ ಸುತ್ತಿದ ಹಾಳೆಗಳು ಬೇಕಾದಷ್ಟಿದ್ದವು. ಮನೆಯ ಮುಂಭಾಗದ ಚಿತ್ರಗಳು, ಕೋಣೆಗಳ ನಕ್ಷೆಗಳು, ಮೆಟ್ಟಿಲಿನ ವಿವರಗಳು. ನೀರಿನ ನಕ್ಷೆಗಳು ಮಾತ್ರ ನಾಲ್ಕಕ್ಕಿಂತ ಹೆಚ್ಚು ಸಿಗಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮನೆಯ ಮುಖ ಚೆನ್ನಾಗಿದ್ದರೆ ಅದು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಕೋಣೆಗಳ ನಕ್ಷೆಯನ್ನು ಯಜಮಾನರು ಸಾಲದ ಕಾಗದಗಳ ಜೊತೆಗೆ ಜೋಪಾನವಾಗಿಡುತ್ತಾರೆ. ನೀರಿನ ನಕ್ಷೆಯ ಹಣೆಯಬರಹವೇ ಬೇರೆ. ಅದು ಕೆಲಸದ ಸ್ಥಳದಲ್ಲಿ ಇಟ್ಟಿಗೆಯ ಅಡಿಯಲ್ಲಿ ಮಡಿಸಿಕೊಂಡು, ಸಿಮೆಂಟಿನ ಕೈಗಳಲ್ಲಿ ಹೊರಳಿ, ಒಂದು ಮಳೆಯಲ್ಲಿ ನೆನೆದು, ಗೋಡೆಗೆ ಗಾರೆ ಬಿದ್ದ ದಿನ ಕಸಕ್ಕೆ ಹೋಗುತ್ತದೆ. ಮತ್ತೆ ಅದು ನೆನಪಾಗುವುದು ಹತ್ತು ವರ್ಷಗಳ ಮೇಲೆ, ಗೋಡೆಯಲ್ಲಿ ತೇವದ ಕಲೆ ಮೂಡಿದಾಗ. ಆಗ ಕೊಳವೆ ಎಲ್ಲಿದೆ ಎಂದು ತಿಳಿದವರಾರೂ ಇರುವುದಿಲ್ಲ. ಒಂದು ಕಡೆಯ ಸೋರಿಕೆಗೆ ಮೂರು ಕಡೆ ಗೋಡೆ ಒಡೆಯಬೇಕಾಗುತ್ತದೆ.

ಸಿಕ್ಕಿದ ನಾಲ್ಕು ಹಾಳೆಗಳಲ್ಲಿ ಒಂದನ್ನು ಬಿಡಿಸಿದಾಗ ಕೈ ಕೊಂಚ ತಡೆಯಿತು. ಅದು ನಾನು ನಕಲು ಮಾಡಿದ ಮೊದಲ ನಕ್ಷೆ.

ಅದು 1970ರ ದಶಕದ ಕೊನೆಯ ಭಾಗ. ಬೆಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ನಾನು ಎಲ್ಲರಿಗಿಂತ ಕಿರಿಯ ನಕ್ಷೆಗಾರ. ಉದ್ದನೆಯ ಮೇಜುಗಳು, ಟೀ ಸ್ಕ್ವೇರು, ಮೂಲೆಮಟ್ಟಗಳು, ಟ್ರೇಸಿಂಗ್ ಕಾಗದ, ಇಂಡಿಯನ್ ಇಂಕು. ಗೆರೆ ತಪ್ಪಿದರೆ ಕ್ಷೌರದ ಬ್ಲೇಡಿನಿಂದ ಮೆಲ್ಲಗೆ ಹೆರೆದು ತೆಗೆಯಬೇಕು. ಒಂದಿಷ್ಟು ಜೋರಾದರೆ ಕಾಗದವೇ ತೂತು. ಪ್ರತಿ ತೆಗೆಯುವ ಕೋಣೆಯಿಂದ ಅಮೋನಿಯದ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಬ್ಲೂಪ್ರಿಂಟ್ ಎಂಬ ಹೆಸರೇನೋ ಉಳಿದಿತ್ತು. ಆದರೆ 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ನೀಲಿಯ ಮೇಲೆ ಬಿಳಿಯ ಗೆರೆ ಮೂಡಿಸುವ ಆ ಹಳೆಯ ವಿಧಾನ ಹೋಗಿ, ಬಿಳಿಯ ಕಾಗದದ ಮೇಲೆ ನೀಲಿ ಗೆರೆ ಮೂಡಿಸುವ ಅಮೋನಿಯ ಪ್ರತಿಗಳು ಆಗಲೇ ಬಂದಿದ್ದವು.

ಒಂದು ದಿನ ನನ್ನ ಪಾಲಿಗೆ ಒಂದು ಮನೆಯ ನೀರಿನ ನಕ್ಷೆ ಬಂತು. ನಾನು ಅದುವರೆಗೆ ಅಂಥದನ್ನು ಬರೆದಿರಲಿಲ್ಲ. ಪಕ್ಕದ ಮೇಜಿನವರನ್ನು ಮಾದರಿ ಎಲ್ಲಿದೆ ಎಂದು ಕೇಳಿದೆ. ಅವರು ತಲೆಯೆತ್ತದೆ ಮೂಲೆಯ ಡಬ್ಬವನ್ನು ತೋರಿಸಿದರು. ಅದರಲ್ಲಿ ಒಂದು ಸೊಗಸಾದ ಹಾಳೆ ಸಿಕ್ಕಿತು. ತೆಳು ಗೆರೆ ಗೋಡೆಗೆ, ದಪ್ಪ ಗೆರೆ ಕೊಳವೆಗೆ; ತಣ್ಣೀರಿಗೆ ಒಂದು ಬಗೆ, ಬಿಸಿನೀರಿಗೆ ಒಂದು ಬಗೆ; ಅಕ್ಷರಗಳಂತೂ ಮುತ್ತು ಪೋಣಿಸಿದಂತೆ. ನಾನು ಮೂರು ದಿನ ಅದನ್ನು ಎದುರಿಗಿಟ್ಟುಕೊಂಡು ನನ್ನ ಮನೆಗೆ ಹೊಂದಿಸಿದೆ. ನಿವೇಶನದ ಅಳತೆ ಹೆಚ್ಚುಕಡಮೆ ಒಂದೇ. ಬಚ್ಚಲುಮನೆಯೂ ಹಿಂಭಾಗದಲ್ಲೇ. ಮಾದರಿಯಲ್ಲಿ ಹಿತ್ತಲಿನ ಚೇಂಬರಿನಿಂದ ಬೀದಿಯವರೆಗೆ ಎಳೆದ ಕೊಳವೆಯ ಮೇಲೆ ‘ಇಳಿಜಾರು 60ಕ್ಕೆ 1’ ಎಂದಿತ್ತು. ನಾನೂ ಹಾಗೆಯೇ ಬರೆದು ಬಾಣ ಹಾಕಿದೆ. ನಕ್ಷೆ ಚೆಂದವಾಗಿದೆಯೆಂದು ಎಲ್ಲರೂ ಹೇಳಿದರು. ಆ ವಾರ ನನ್ನ ನಡಿಗೆಯೇ ಬೇರೆಯಾಗಿತ್ತು.

ಮನೆ ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟರದು. ನೌಕರಿಯ ಕೊನೆಯಲ್ಲಿ ಕೈಗೆ ಬಂದ ಹಣವನ್ನೆಲ್ಲ ಸುರಿದು ಕಟ್ಟಿಸಿದ್ದರು. ಗೃಹಪ್ರವೇಶವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರು ಕಚೇರಿಗೆ ಬಂದರು. ಹಿತ್ತಲ ಚೇಂಬರು ಕಟ್ಟಿಕೊಂಡು ಉಕ್ಕುತ್ತಿದೆ, ವಾರಕ್ಕೊಮ್ಮೆ ಬಿದಿರುಸೀಳು ಹಾಕಿ ತಳ್ಳಿಸಬೇಕಾಗಿದೆ ಎಂದರು. ಕೂಗಾಡಲಿಲ್ಲ. “ನಕ್ಷೆಯಲ್ಲಿ ಸರಿಯಾಗಿಯೇ ಇದೆಯಂತೆ. ಹಾಗಾದರೆ ತಪ್ಪು ಎಲ್ಲಿದೆ ಎಂದು ದಯವಿಟ್ಟು ಹೇಳಿ” ಎಂದು ಕೇಳಿದರು, ಹುಡುಗನೊಬ್ಬನ ಲೆಕ್ಕ ತಪ್ಪಿದಾಗ ಕೇಳುವ ಹಾಗೆ.

ನಮ್ಮ ಕಚೇರಿಯ ಹಿರಿಯ ನಕ್ಷೆಗಾರರೊಬ್ಬರಿದ್ದರು. ನಾವೆಲ್ಲ ಅವರನ್ನು ‘ದೊಡ್ಡವರು’ ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನೂ ಕರೆದುಕೊಂಡು ಆ ಮನೆಗೆ ಹೋದರು. ಎರಡು ಚೇಂಬರುಗಳ ಮುಚ್ಚಳ ತೆಗೆಸಿ ಅಳತೆಪಟ್ಟಿ ಇಳಿಬಿಟ್ಟರು. ಅಂಗಳವೂ ರಸ್ತೆಯೂ ಒಂದೇ ಮಟ್ಟದಲ್ಲಿದ್ದವು. ಹಿತ್ತಲ ಚೇಂಬರಿನಲ್ಲಿ ಕೊಳವೆಯ ತಳ ನೆಲದಿಂದ 45 ಸೆಂಟಿಮೀಟರ್ ಕೆಳಗೆ. ಅಲ್ಲಿಂದ ಬೀದಿಗೆ 24 ಮೀಟರ್. 60ಕ್ಕೆ 1ರಂತೆ 24 ಮೀಟರಿಗೆ ಇಳಿತ 40 ಸೆಂಟಿಮೀಟರ್. ಅಂದರೆ ಬೀದಿಯನ್ನು ಮುಟ್ಟುವಾಗ ಕೊಳವೆ 85 ಸೆಂಟಿಮೀಟರ್ ಆಳದಲ್ಲಿರಬೇಕು. ಬೀದಿಯ ಚೇಂಬರಿಗೆ ಪಟ್ಟಿ ಇಳಿಸಿದರು. 55 ಸೆಂಟಿಮೀಟರಿಗೆ ತಳ ಸಿಕ್ಕಿತು.

“ಏನು ಬರೆದಿದ್ದೀಯಯ್ಯ ನಕ್ಷೆಯಲ್ಲಿ?” ಎಂದರು ದೊಡ್ಡವರು.

“60ಕ್ಕೆ 1.”

“ನೀರು ಓದುತ್ತದೆಯೆ ಅದನ್ನ?”

ನಾನು ನೋಡಿ ಬರೆದ ಮಾದರಿ ಬೇರೆ ಬಡಾವಣೆಯ ಮನೆಯದು. ಅಲ್ಲಿ ಬೀದಿಯ ಚರಂಡಿ ಆಳವಾಗಿತ್ತು, ಗೆರೆ ನಿಜವಾಗಿತ್ತು. ಇಲ್ಲಿ ಅದೇ ಗೆರೆ ಸುಳ್ಳು. ಕೆಲಸ ಮಾಡಿದ ಪ್ಲಂಬರು ಪಾಪ ಏನು ಮಾಡಿಯಾನು? ಇದ್ದ 10 ಸೆಂಟಿಮೀಟರ್ ಇಳಿತವನ್ನೇ 24 ಮೀಟರಿಗೆ ಹಂಚಿ ಕೊಳವೆ ಕೂರಿಸಿದ್ದನು. ಅದು 240ಕ್ಕೆ 1 ಆಯಿತು. ಕೊಳೆನೀರಿಗೆ ಒಂದು ವೇಗ ಬೇಕು. ಸೆಕೆಂಡಿಗೆ ಮುಕ್ಕಾಲು ಮೀಟರಿನಷ್ಟಾದರೂ ಓಡಿದರೆ ತನ್ನೊಳಗಿನ ಕಲ್ಮಷವನ್ನು ತಾನೇ ಹೊತ್ತು ಒಯ್ಯುತ್ತದೆ. ಓಟ ಕುಂದಿದರೆ ನೀರು ಮುಂದಕ್ಕೆ ಹೋಗುತ್ತದೆ, ಮಿಕ್ಕಿದ್ದು ಹಿಂದೆ ಉಳಿಯುತ್ತದೆ. ಮೇಷ್ಟರ ಹಿತ್ತಲಿನಲ್ಲಿ ಆದದ್ದು ಅದೇ.

ಪರಿಹಾರ ಒಂದೇ. ಬೀದಿಯ ಚರಂಡಿಯನ್ನು ತಗ್ಗಿಸಲು ಬರುವುದಿಲ್ಲ. ಮನೆಯ ಕಡೆಯ ಕೊಳವೆಯನ್ನು ಎತ್ತಬೇಕು. ಕಡಮೆ ಬಿದ್ದದ್ದು 30 ಸೆಂಟಿಮೀಟರ್, ಹಳೆಯ ಲೆಕ್ಕದಲ್ಲಿ ಒಂದು ಅಡಿ. ಕೊಳವೆಯನ್ನು ಒಂದು ಅಡಿ ಎತ್ತಿ, ಮೇಲೆ ಉಳಿದ ಮಣ್ಣು ತೆಳುವಾದ್ದರಿಂದ ಕಾಂಕ್ರೀಟು ಹೊದಿಸಿ, ಬಚ್ಚಲುಮನೆಯ ನೆಲವನ್ನೂ ಒಂದು ಅಡಿ ಏರಿಸಿದರು. ಹೊಸ ನೆಲವನ್ನು ಅಗೆದದ್ದು, ಮತ್ತೆ ಹಾಕಿದ್ದು, ಎರಡಕ್ಕೂ ಮೇಷ್ಟರ ಹಣವೇ ಹೋಯಿತು. ಕಚೇರಿ ತನ್ನ ಸಂಭಾವನೆಯಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟು ಸುಮ್ಮನಾಯಿತು.

ಕೆಲಸ ಮುಗಿದ ಮೇಲೆ ನಾನೊಬ್ಬನೇ ಒಮ್ಮೆ ಹೋದೆ. ಮೇಷ್ಟರ ತಾಯಿ ಇದ್ದರು. ಎಂಬತ್ತು ದಾಟಿದ ಅಜ್ಜಿ. ಬಚ್ಚಲುಮನೆಯ ಬಾಗಿಲಲ್ಲಿ ಈಗ ಒಂದು ಅಡಿಯ ಕಟ್ಟೆ. ಅಜ್ಜಿ ಎಡಗೈಯಿಂದ ಬಾಗಿಲುವಾಡವನ್ನು ಹಿಡಿದು, ಬಲಗಾಲನ್ನು ಮೇಲಿಟ್ಟು, ಒಂದು ಗಳಿಗೆ ನಿಂತು ಉಸಿರು ಸೇದಿಕೊಂಡು, ಆಮೇಲೆ ಎಡಗಾಲನ್ನು ಎತ್ತಿಟ್ಟರು. ನನ್ನನ್ನು ನೋಡಿ, “ನೀನೇ ಏನಪ್ಪ ನಕ್ಷೆ ಬರೆದ ಹುಡುಗ? ಕಾಫಿ ಕುಡಿದುಕೊಂಡು ಹೋಗು” ಎಂದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆನೋ ಏನೋ.

ಮರುದಿನ ದೊಡ್ಡವರ ಮುಂದೆ ಹೋಗಿ ನಿಂತು, ನನಗೆ ಸರಿಯಾದ ಮಾದರಿಗಳನ್ನು ಕೊಡಿ, ಕಲಿಯುತ್ತೇನೆ ಎಂದೆ. ಅವರು ನಕ್ಕರು. “ಮಾದರಿ ಬೇಕೆ? ನೀನು ಇರುವ ಮನೆಯನ್ನು ಬರೆದುಕೊಂಡು ಬಾ” ಎಂದರು.

ನಾನಿದ್ದದ್ದು ಒಂದು ವಠಾರದಲ್ಲಿ. ಎಂಟು ಸಂಸಾರಕ್ಕೆ ಅಂಗಳದಲ್ಲಿ ಒಂದು ನಲ್ಲಿ. ಇದರಲ್ಲಿ ಬರೆಯುವುದೇನಿದೆ ಎಂದುಕೊಂಡು ಭಾನುವಾರ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಹೊರಟವನಿಗೆ ಸಂಜೆಯವರೆಗೂ ಬಿಡುವಾಗಲಿಲ್ಲ. ಬೀದಿಯ ಕೊಳಾಯಿ ಎಲ್ಲಿಂದ ಒಳಗೆ ಬರುತ್ತದೆ? ಮೀಟರಿನ ಪೆಟ್ಟಿಗೆ ಎಲ್ಲಿ? ಮುಂಭಾಗದ ಬಚ್ಚಲಿನ ನೀರು ಬೇಗ ಹೋಗುತ್ತದೆ, ಹಿಂಭಾಗದ್ದು ಏಕೆ ನಿಲ್ಲುತ್ತದೆ? ರಸಮಟ್ಟ ಇಟ್ಟು ನೋಡಿದೆ. ಮೋರಿಯ ಕಲ್ಲು ಒಂದು ಕಡೆ ಹಿಂದಕ್ಕೇ ವಾಲಿತ್ತು. ವರ್ಷಗಟ್ಟಲೆ ಆ ನೀರಿನ ಮೇಲೆ ದಾಟಿ ಓಡಾಡಿದ್ದೆ, ಆದರೆ ಕಂಡಿರಲಿಲ್ಲ. ಬರೆಯಲು ಹೋದಾಗ ಕಂಡಿತು.

ಆ ವರ್ಷ ಬಂಧುಗಳದು, ಸ್ನೇಹಿತರದು, ಹೀಗೆ ಹನ್ನೊಂದು ಮನೆಗಳನ್ನು ಬರೆದೆ. ಒಂದೊಂದು ಮನೆಯೂ ಒಂದೊಂದು ಪಾಠ. ನೆಲದ ನಕ್ಷೆಯೊಂದೇ ನೀರಿನ ಕತೆಯನ್ನು ಹೇಳಲಾರದು ಎಂಬುದು ಮೊದಲನೆಯದು. ಮೇಲಿನಿಂದ ನೋಡಿದರೆ ಟ್ಯಾಂಕಿನಿಂದ ಇಳಿಯುವ ಕೊಳವೆ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ಮೂರು ಅಂತಸ್ತಿನ ಎತ್ತರ ಅಡಗಿ ಕುಳಿತಿರುತ್ತದೆ. ಅದಕ್ಕಾಗಿಯೇ ಕೊಳವೆಗಳನ್ನು 30 ಡಿಗ್ರಿಯ ಓರೆಗೆರೆಗಳಲ್ಲಿ, ಉದ್ದ ಅಗಲ ಎತ್ತರ ಮೂರೂ ಒಟ್ಟಿಗೆ ಕಾಣುವಂತೆ ಬರೆಯುವ ಕ್ರಮವಿದೆ. ಕೇಂಬ್ರಿಡ್ಜಿನ ವಿಲಿಯಂ ಫ್ಯಾರಿಷ್ ಎಂಬ ಪ್ರಾಧ್ಯಾಪಕನು ಯಂತ್ರಗಳನ್ನು ತೋರಿಸುವುದಕ್ಕೆಂದು 1822ರಲ್ಲಿ ವಿವರಿಸಿದ ‘ಐಸೊಮೆಟ್ರಿಕ್’ ಪದ್ಧತಿ ಅದು. ಅದರಲ್ಲಿ ಬರೆದು ನೋಡಿದಾಗ ಪ್ರತಿಯೊಂದು ಎಲ್ಬೋ, ಪ್ರತಿಯೊಂದು ಟೀ ಲೆಕ್ಕಕ್ಕೆ ಸಿಗುತ್ತದೆ.

ಎರಡನೆಯ ಪಾಠ, ಎತ್ತರವೇ ಬಲ ಎಂಬುದು. ನಮ್ಮ ಮನೆಗಳಲ್ಲಿ ನೀರು ನಲ್ಲಿಗೆ ಬರುವುದು ತಾರಸಿಯ ಟ್ಯಾಂಕಿನಿಂದ, ತನ್ನ ಭಾರದಿಂದಲೇ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಕೊಡುತ್ತದೆ. ಟ್ಯಾಂಕಿಗೆ ಹತ್ತಿರವಿರುವ ಮೇಲಂತಸ್ತಿನಲ್ಲಿ ಆ ಎತ್ತರ ಎರಡೋ ಮೂರೋ ಮೀಟರು ಮಾತ್ರ. ನೀರಿಗೆ ಅತಿ ಹತ್ತಿರವಿರುವ ಮನೆಯವರೇ ನೀರು ಜೋರಾಗಿ ಬರುವುದಿಲ್ಲವೆಂದು ದೂರುವುದು ಇದರಿಂದ.

ಮೂರನೆಯದು ಟ್ರ್ಯಾಪು. ಬಚ್ಚಲ ತೂತಿನ ಕೆಳಗೆ ಕೊಳವೆ ಒಮ್ಮೆ ಬಾಗಿ ಮೇಲೆದ್ದು ಹೋಗುತ್ತದೆ. ಆ ಬಾಗಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. 50 ಮಿಲಿಮೀಟರಿನಷ್ಟು ನೀರು ಚರಂಡಿಯ ದುರ್ವಾಸನೆಗೂ ನಮ್ಮ ಮನೆಗೂ ನಡುವೆ ಬಾಗಿಲಾಗಿ ನಿಲ್ಲುತ್ತದೆ. ಲಂಡನ್ನಿನಲ್ಲಿದ್ದ ಅಲೆಗ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರದ ಕಸುಬಿನವನು 1775ರಲ್ಲಿ ಹಕ್ಕುಪತ್ರ ಪಡೆದ ಶೌಚಕ್ಕೆ ಇಂಥ ಬಾಗಿದ ಕೊಳವೆಯನ್ನು ಜೋಡಿಸಿದ್ದನು. ಬೇಸಗೆಯ ರಜೆಯಲ್ಲಿ ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋಗಿ ಬಂದವರಿಗೆ ಬಾಗಿಲು ತೆರೆದೊಡನೆ ವಾಸನೆ ಹೊಡೆಯುವುದುಂಟಲ್ಲ, ಆ ಬಾಗಿನ ನೀರು ಆರಿಹೋಗಿರುತ್ತದೆ. ಒಂದು ಚೊಂಬು ನೀರು ಸುರಿದರೆ ಸಾಕು. ನಕ್ಷೆಯಲ್ಲಿ ಇದು ಒಂದು ಸಣ್ಣ ಕೊಕ್ಕೆಯ ಗುರುತು. ಮಾದರಿಯನ್ನು ಬರಿಯ ಕಣ್ಣಿನಿಂದ ನಕಲು ಮಾಡುವವನಿಗೆ ಅದು ಕೊಕ್ಕೆ. ಅರ್ಥ ತಿಳಿದವನಿಗೆ ಮನೆಯ ಆರೋಗ್ಯ.

ಹೀಗೆ ಹನ್ನೊಂದು ಮನೆಗಳಾದ ಮೇಲೆ ದೊಡ್ಡವರು ಮತ್ತೆ ಅದೇ ಡಬ್ಬದ ಹಾಳೆಯನ್ನು ನನ್ನ ಮುಂದೆ ಹರಡಿದರು. “ಈಗ ಓದು” ಎಂದರು. ಆಗ ಅದು ಮಾತನಾಡಿತು. ಆ ಸೊಗಸಾದ ಹಾಳೆಯಲ್ಲಿಯೂ ಒಂದು ಕಡೆ ಕವಾಟವೊಂದನ್ನು ಬಿಟ್ಟಿದ್ದರು. ಅಡಿಗೆಮನೆಯ ಒಂದು ನಲ್ಲಿ ಕೆಟ್ಟರೆ ಇಡೀ ಮನೆಯ ನೀರನ್ನೇ ನಿಲ್ಲಿಸಬೇಕಾಗುತ್ತಿತ್ತು. ಬೆರಳಿಟ್ಟು ತೋರಿಸಿದೆ. ದೊಡ್ಡವರು ಏನೂ ಹೇಳದೆ ಎದ್ದು ಹೋಗಿ ಎರಡು ಕಾಫಿ ಹೇಳಿ ಬಂದರು.

ಇದೆಲ್ಲ ಹಳೆಯ ಕತೆ. ಇಂದಿನ ಹುಡುಗನಿಗೆ ಉತ್ತರ ಕೊಡಬೇಕಲ್ಲ? ಭಾನುವಾರದ ಹೊತ್ತಿಗೆ ಒಂದು ಪಟ್ಟಿ ಮಾಡಿಟ್ಟೆ. ಅದೇ ಹಾದಿಯಲ್ಲಿರುವ ಬೇರೆ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಅದರ ಸಾರವನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ದೇಶದ ಮಾನಕಗಳು. ಭಾರತೀಯ ಮಾನಕ ಸಂಸ್ಥೆ 1987ರಲ್ಲಿ ನೀರು ಸರಬರಾಜು ಮತ್ತು ಚರಂಡಿ ವ್ಯವಸ್ಥೆಯ ಬಗ್ಗೆ ಒಂದು ಕೈಪಿಡಿಯನ್ನು ಹೊರತಂದಿದೆ. ಎಸ್‌ಪಿ 35 ಎಂಬುದು ಅದರ ಸಂಖ್ಯೆ. ಚಿತ್ರಗಳ ಮೂಲಕವೇ ಕಲಿಯಬಯಸುವವನು ಅಲ್ಲಿಂದ ಆರಂಭಿಸುವುದು ಒಳ್ಳೆಯದು. ಕಟ್ಟಡದೊಳಗಿನ ನೀರು ಸರಬರಾಜಿಗೆ ಐಎಸ್ 2065, ಚರಂಡಿಗೆ ಐಎಸ್ 1742, ಎಷ್ಟು ನೀರು ಬೇಕೆಂಬ ಮೂಲ ಅಗತ್ಯಗಳಿಗೆ ಐಎಸ್ 1172. ಇವೆಲ್ಲದರ ಮೇಲೆ 1970ರಲ್ಲಿ ಮೊದಲು ಪ್ರಕಟವಾಗಿ 2016ರವರೆಗೆ ಮೂರು ಬಾರಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದರ ಒಂಬತ್ತನೆಯ ಭಾಗ ಪ್ಲಂಬಿಂಗಿಗೆ ಮೀಸಲು. ಇವನ್ನು ಕಾನೂನಿನ ಪುಸ್ತಕದಂತೆ ಬಾಯಿಪಾಠ ಮಾಡಬೇಕಿಲ್ಲ. ಮಾದರಿಯೊಂದರಲ್ಲಿ ಅಂಕಿ ಕಂಡಾಗ ಅದು ಎಲ್ಲಿಂದ ಬಂತು ಎಂದು ಹಿಂದಿರುಗಿ ನೋಡಲು ಇಟ್ಟುಕೊಳ್ಳಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕ ಬಹುಕಾಲದಿಂದ ಬಳಕೆಯಲ್ಲಿದೆ. ಐದು ಜನರಿಗೆ 675 ಲೀಟರ್. ಸಣ್ಣ ಸಂಸಾರದ ಮನೆಯ ತಾರಸಿಯ ಮೇಲೆ 1000 ಲೀಟರಿನ ಟ್ಯಾಂಕು ಏಕೆ ಸಾಮಾನ್ಯವಾಗಿ ಕಾಣುತ್ತದೆ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಎರಡನೆಯದಾಗಿ, ಕೆಲಸ ಮಾಡುವ ಕಚೇರಿಯ ಹಳೆಯ ಕಡತಗಳು. ಅದರಲ್ಲಿಯೂ ಕಟ್ಟುವ ಮೊದಲು ಬರೆದ ಹಾಳೆಗಿಂತ, ಕಟ್ಟಿದ ಮೇಲೆ ಇದ್ದದ್ದನ್ನು ಇದ್ದಂತೆ ತಿದ್ದಿಟ್ಟ ಹಾಳೆ ಸಿಕ್ಕಿದರೆ ಬಿಡಬಾರದು. ಎರಡನ್ನೂ ಪಕ್ಕಪಕ್ಕದಲ್ಲಿ ಹರಡಿದರೆ, ಮೊದಲ ಗೆರೆ ಎಲ್ಲಿ ಸೋತಿತು, ಏಕೆ ಸೋತಿತು ಎಂಬುದು ಕಾಣುತ್ತದೆ. ಬೇರೆ ಯಾವ ಮಾದರಿಯೂ ಇಷ್ಟನ್ನು ಕಲಿಸದು. ಮನೆಯವರ ಹೆಸರು, ವಿಳಾಸಗಳಿರುವ ಹಾಳೆಗಳನ್ನು ಕಚೇರಿಯವರ ಅನುಮತಿಯಿಲ್ಲದೆ ಹೊರಗೆ ಒಯ್ಯಬಾರದು ಎಂಬುದನ್ನು ಹುಡುಗನಿಗೆ ಒತ್ತಿ ಹೇಳಿದೆ.

ಮೂರನೆಯದು, ಹಳೆಯ ಪರದೇಶದ ಪುಸ್ತಕಗಳು. ಅಮೆರಿಕದ ಸ್ಟಾರ್‌ಬಕ್ ಎಂಬಾತನು 20ನೆಯ ಶತಮಾನದ ಮೊದಲ ದಶಕದಲ್ಲಿ ಪ್ರಕಟಿಸಿದ ‘ಮಾಡರ್ನ್ ಪ್ಲಂಬಿಂಗ್ ಇಲ್ಲಸ್ಟ್ರೇಟೆಡ್’ ಎಂಬ ಗ್ರಂಥದ ಚಿತ್ರಫಲಕಗಳು ಇಂದಿಗೂ ಕಣ್ಣಿಗೆ ಹಬ್ಬ. ಇಂಥ ಹಳೆಯ ಗ್ರಂಥಗಳು ಈಗ ಅಂತರಜಾಲದ ಗ್ರಂಥಭಂಡಾರಗಳಲ್ಲಿ ಬೆಲೆಯಿಲ್ಲದೆ ಓದಲು ಸಿಗುತ್ತವೆ. ಗೆರೆಯ ಶಿಸ್ತಿಗೆ ಅವು ಗುರುಗಳೇ ಸರಿ. ಆದರೆ ಅಲ್ಲಿಯ ಮನೆ ನಮ್ಮ ಮನೆಯಲ್ಲ. ಅಲ್ಲಿ ಚಳಿಗೆ ನೀರು ಹೆಪ್ಪುಗಟ್ಟಿ ಕೊಳವೆ ಸೀಳದಂತೆ ಅದನ್ನು ಆಳದಲ್ಲಿ ಹೂಳುತ್ತಾರೆ. ಬೀದಿಯ ನೀರು ಸಾಮಾನ್ಯವಾಗಿ ತನ್ನ ಒತ್ತಡದಿಂದಲೇ ನಲ್ಲಿಗೆ ಏರುತ್ತದೆ. ಕೊಳವೆಗಳು ಮರದ ಚೌಕಟ್ಟಿನ ಗೋಡೆಯ ಪೊಳ್ಳಿನಲ್ಲಿ ಓಡುತ್ತವೆ. ಸಂಪಿಲ್ಲ, ಪಂಪಿಲ್ಲ, ತಾರಸಿಯ ಟ್ಯಾಂಕಿಲ್ಲ. ಬಕೆಟ್ಟಿನಿಂದ ಮೈಮೇಲೆ ಸುರಿದುಕೊಂಡ ನೀರು ನೆಲದ ಮೇಲೆ ಹರಿದು ಮೂಲೆಯ ನಹಾನಿ ಟ್ರ್ಯಾಪನ್ನು ಸೇರುವ ನಮ್ಮ ಸ್ನಾನದ ಕಲ್ಪನೆ ಆ ನಕ್ಷೆಗಳಿಗಿಲ್ಲ. ಅಲ್ಲಿಯ ಹಾಳೆಯನ್ನು ಇಲ್ಲಿ ಹರಡಿ ಗೆರೆಯೆಳೆದರೆ, ಮೇಷ್ಟರ ಮನೆಯಲ್ಲಿ ಒಂದು ಅಡಿ ತಪ್ಪಿದ್ದು ಇಲ್ಲಿ ಸಾವಿರಾರು ಮೈಲಿ ತಪ್ಪಿದಂತಾದೀತು.

ನಮ್ಮ ಊರಿನ ನೀರಿಗೆ ಅದರದೇ ಚರಿತ್ರೆಯೂ ಇದೆ. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಕಾವೇರಿ. ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರವನ್ನು ಪಂಪುಗಳ ಬಲದಿಂದ ಏರಿ ಬರುತ್ತದೆ. ಹಾಗೆ ಬಂದ ನೀರು ಒಬ್ಬ ನಕ್ಷೆಗಾರನ ಅಲಕ್ಷ್ಯದಿಂದ ಗೋಡೆಯೊಳಗೆ ತೊಟ್ಟಿಕ್ಕಿ ಹೋಗುವುದೆಂದರೆ! 2009ರ ಕಾನೂನು ತಿದ್ದುಪಡಿಯ ಮೇಲೆ ಈ ನಗರದಲ್ಲಿ ನಿಗದಿಯಾದ ವಿಸ್ತೀರ್ಣಕ್ಕೆ ಮೇಲ್ಪಟ್ಟ ನಿವೇಶನಗಳಿಗೆ ಮಳೆನೀರಿನ ಸಂಗ್ರಹವೂ ಕಡ್ಡಾಯವಾಯಿತು. ತಾರಸಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರ ಬಂತು. ಅದಕ್ಕೆ ತಣ್ಣೀರು ತಾನಾಗಿ ಇಳಿದು ಬರಬೇಕಾದರೆ ತಣ್ಣೀರಿನ ಟ್ಯಾಂಕು ಅದಕ್ಕಿಂತ ಮೇಲಿರಬೇಕು. ಹೀಗೆ ಇಂದಿನ ಒಂದು ಸಾಧಾರಣ ಮನೆಯ ಹಾಳೆಯಲ್ಲಿ ಕಾವೇರಿಯ ಗೆರೆ, ಕೊಳವೆಬಾವಿಯ ಗೆರೆ, ಬಿಸಿನೀರಿನದು, ಮಳೆನೀರಿನದು, ಬಚ್ಚಲಿನದು, ಶೌಚದ್ದು ಎಂದು ಆರು ಬಗೆ ಓಡಬೇಕು. ಹಳೆಯ ಮಾದರಿಗಳಲ್ಲಿ ಇವೆಲ್ಲ ಇರುವುದಿಲ್ಲ.

ಮಾದರಿ ಸಿಕ್ಕ ಮೇಲೆ ಅದನ್ನು ಓದುವ ಬಗೆ ಹೇಗೆ? ನಾನು ಹುಡುಗನಿಗೆ ಹೇಳಿದ್ದು ಇಷ್ಟು: ನೀನೇ ನೀರಾಗು. ಬೀದಿಯಿಂದ ಹೊರಟು ಬೆರಳನ್ನು ಗೆರೆಯ ಮೇಲೆ ನಡೆಸು. ಎಲ್ಲಿಯೂ ಬೆರಳೆತ್ತದೆ ಕೊನೆಯ ನಲ್ಲಿಯನ್ನು ಮುಟ್ಟಬೇಕು. ಅಲ್ಲಿಂದ ಇಳಿದು ಮತ್ತೆ ಬೀದಿಯನ್ನು ಸೇರಬೇಕು. ಪ್ರತಿ ತಿರುವಿನಲ್ಲಿ ನಿಂತು ಕೇಳು: ಇಲ್ಲಿ ನನ್ನನ್ನು ತಳ್ಳುವ ಬಲ ಯಾವುದು? ಇಲ್ಲಿ ನಾನು ಕಟ್ಟಿಕೊಂಡರೆ ಮನುಷ್ಯನ ಕೈ ಎಲ್ಲಿಂದ ಒಳಗೆ ಬರುತ್ತದೆ? ನನ್ನನ್ನು ನಿಲ್ಲಿಸಬೇಕಾದರೆ ಕವಾಟ ಎಲ್ಲಿದೆ? ಈ ಮೂರಕ್ಕೂ ಉತ್ತರ ಕೊಡದ ಗೆರೆ, ಎಷ್ಟೇ ಚೆಂದವಿರಲಿ, ಚಿತ್ರವೇ ಹೊರತು ನಕ್ಷೆಯಲ್ಲ. ಆಮೇಲೆ ಮಾದರಿಯನ್ನು ಮುಚ್ಚಿಟ್ಟು ನೆನಪಿನಿಂದ ಬರೆ. ತೆರೆದು ಹೋಲಿಸು. ಬಿಟ್ಟುಹೋದದ್ದು ಯಾವುದೋ ಅದೇ ನಿನಗೆ ಇನ್ನೂ ಅರ್ಥವಾಗದ್ದು.

ಅವನು ಒಂದು ಸಂದೇಹವನ್ನು ಎತ್ತಿದನು. “ಈಗ ಗಣಕದಲ್ಲಿ ಹಳೆಯ ನಕ್ಷೆಯನ್ನು ಹಾಗೆಯೇ ಎತ್ತಿ ಹೊಸ ಮನೆಯೊಳಗೆ ಇಟ್ಟುಬಿಡುತ್ತೇವೆ, ಸಾರ್. ಬೇಕಾದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಹೊರಳಿಸಲೂ ಬರುತ್ತದೆ. ಕೈಯಿಂದ ಬರೆಯುವ ಶ್ರಮವೇ ಇಲ್ಲ.”

“ಹೊರಳಿಸಿದಾಗ ಬಿಸಿನೀರಿನ ನಲ್ಲಿ ಯಾವ ಕಡೆಗೆ ಬರುತ್ತದೆ?” ಎಂದು ಕೇಳಿದೆ.

ಹುಡುಗ ಒಂದು ಕ್ಷಣ ಯೋಚಿಸಿದನು. ಎಡಕ್ಕೆ ಬಿಸಿ, ಬಲಕ್ಕೆ ತಣ್ಣಗೆ ಎಂಬುದು ರೂಢಿ. ಕನ್ನಡಿಯಲ್ಲಿ ಅದು ತಿರುಗುಮುರುಗಾಗುತ್ತದೆ. ಕಣ್ಣಿಗೆ ಸಾಬೂನು ಬಿದ್ದವನು ರೂಢಿಯ ಮೇಲೆ ಕೈ ಚಾಚುತ್ತಾನೆ. ಸುಡುವ ನೀರು ಮೈಮೇಲೆ ಬೀಳುತ್ತದೆ. “ಅಯ್ಯೋ, ಹೌದು ಸಾರ್” ಎಂದು ನಕ್ಕನು. ನಕ್ಕದ್ದರಲ್ಲಿ ಕೊಂಚ ಗಾಬರಿಯೂ ಇತ್ತು. ಬಹುಶಃ ಅಂಥದೊಂದು ಹಾಳೆ ಆ ವಾರವೇ ಅವನ ಕೈಯಿಂದ ಹೊರಟಿತ್ತೇನೋ. ನಾನು ಕೇಳಲಿಲ್ಲ.

ನಮ್ಮ ಭಾಷೆಯಲ್ಲಿ ‘ತಿದ್ದು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಹಿಂದೆ ಮಕ್ಕಳು ಮರಳಿನ ಮೇಲೆ ಮೇಷ್ಟರು ಬರೆದ ಅಕ್ಷರವನ್ನು ಬೆರಳಿನಿಂದ ತಿದ್ದುತ್ತಿದ್ದರು. ಅಂದರೆ ಇದ್ದ ಗೆರೆಯ ಮೇಲೆಯೇ ಗೆರೆಯೆಳೆಯುತ್ತಿದ್ದರು. ದೊಡ್ಡವರಾದ ಮೇಲೆ ತಿದ್ದುವುದೆಂದರೆ ತಪ್ಪನ್ನು ಕಂಡು ಸರಿಪಡಿಸುವುದು. ಒಂದೇ ಮಾತು. ಮಾದರಿಯ ಮೇಲೆ ತಿದ್ದುವುದರಿಂದ ಕೈ ಪಳಗುತ್ತದೆ. ಮಾದರಿಯನ್ನೇ ತಿದ್ದುವಷ್ಟು ಕಣ್ಣು ತೆರೆಯುವುದು ಮನೆಯನ್ನು, ಮಣ್ಣನ್ನು, ಬೀದಿಯ ಚರಂಡಿಯ ಆಳವನ್ನು ಅಳೆದಾಗ. ಮೊದಲನೆಯದರಲ್ಲಿಯೇ ನಿಂತವನ ಶ್ರಮದ ಬೆಲೆಯನ್ನು ಬೇರೆ ಯಾರೋ ತೆರಬೇಕಾಗುತ್ತದೆ. ನನ್ನ ವಿಷಯದಲ್ಲಿ ತೆತ್ತವರು ಮೇಷ್ಟರು. ಅವರಿಗಿಂತ ಹೆಚ್ಚಾಗಿ, ದಿನಕ್ಕೆ ಹಲವು ಸಲ ಆ ಕಟ್ಟೆಯನ್ನು ಹತ್ತಿ ಇಳಿದ ಅವರ ತಾಯಿ.

ಮೊನ್ನೆ ಭಾನುವಾರ ಹುಡುಗ ಮತ್ತೆ ಬಂದನು. ಈ ಸಲ ಕೈಯಲ್ಲಿ ಒಂದು ಸುರುಳಿ. ತಾನಿರುವ ಬಾಡಿಗೆ ಮನೆಯನ್ನು ಅಳೆದು, ಪೆನ್ಸಿಲಿನಲ್ಲಿ ಬರೆದು ತಂದಿದ್ದನು. ಅಕ್ಷರಗಳು ಇನ್ನೂ ಒರಟು. ಬಾಣದ ತುದಿಗಳು ಒಂದರಂತೆ ಒಂದಿಲ್ಲ. ಎರಡು ಕಡೆ ಕೊಳವೆಯ ಅಳತೆಯನ್ನು ಬರೆಯುವುದು ಮರೆತಿದ್ದನು. ಆದರೆ ಹಿಂಭಾಗದ ಗೋಡೆಯ ಬಳಿ ಬಂದ ಒಂದು ಗೆರೆ ಅಲ್ಲಿಂದ ಮುಂದೆ ತುಂಡುತುಂಡಾಗಿ ಹೋಗಿತ್ತು. ಇದೇಕೆ ಎಂದೆ.

“ಅಲ್ಲಿಂದ ಮುಂದೆ ಕೊಳವೆ ನೆಲದೊಳಗೆ ಹೋಗಿದೆ, ಸಾರ್. ಚೇಂಬರಿನ ಮುಚ್ಚಳದ ಮೇಲೆ ಮನೆಯವರು ತುಳಸಿಕಟ್ಟೆ ಕಟ್ಟಿದ್ದಾರೆ, ತೆಗೆದು ನೋಡಲಾಗಲಿಲ್ಲ. ಹೀಗೇ ಹೋಗಿರಬೇಕು ಎಂದು ನನ್ನ ಊಹೆ. ನೋಡದ್ದನ್ನು ಪೂರ್ತಿ ಗೆರೆಯಲ್ಲಿ ಬರೆಯಲು ಮನಸ್ಸಾಗಲಿಲ್ಲ.”

ಹಾಳೆಯನ್ನು ಅವನಿಗೆ ಹಿಂದಿರುಗಿಸಿ, ಒಳಗೆ ಹೋಗಿ ಕಾಫಿಗೆ ಹೇಳಿ ಬಂದೆ.